ಸಾರಿಕಾಳ ಕಣ್ಣು, ಅಕ್ಕುತಾಯಿಯ ಮಿಶ್ರಿ

ಸೊಸೆ ತನ್ನನ್ನು ದುರುಗುಟ್ಟಿ ನೋಡುತ್ತಾಳೆ ಎಂದು ಅಕ್ಕುತಾಯಿ ನಾಲ್ಕು ತಿಂಗಳು ಜಗಳವಾಡಿದಳು. ರೊಟ್ಟಿ ಬಡಿಯುವಾಗ ಜಗಳ, ನೀರು ತುಂಬುವಾಗ ಜಗಳ, ಊಟಕ್ಕೆ ಕೂತಾಗಲಂತೂ ಕೇಳುವುದೇ ಬೇಡ.

"ಏನ ನೋಡಾಕತ್ತಿ ಹಂಗ? ನಿಮ್ಮಪ್ಪನ ಗಂಟ ತಿಂದೀನೇನ ನಾ?"

"ನಾ ಎಲ್ಲಿ ನಿಮ್ಮನ್ನ ನೋಡೀನ್ರಿ ಅತ್ತಿ? ಸಾರಿನ ಗಡಿಗಿ ನೋಡಾಕತ್ತೀನಿ."

"ಸಾರಿಗೆ ಹಂಗ ಕಣ್ಣ ಬಿಡ್ತಾರೇನ? ಅದೇನ ಎದ್ದ ಓಡಿ ಹೋಗತೈತಿ?"

ಮೊಮ್ಮಗಳು ನೀಲಮ ಮಾತ್ರ ಒಂದು ದಿನ ತಾಯಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಅಜ್ಜಿಗೆ "ಆಯಿ, ಇದು ಸಿಟ್ಟಲ್ಲ, ಏನೋ ಬ್ಯಾನಿ ಐತಿ" ಎಂದಳು. ಅವಳ ಮಾತೇ ನಿಜವಾಯಿತು. ಚಿಕ್ಕೋಡಿಯ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಸೊಸೆ ಸಾರಿಕಾಳ ಥೈರಾಯ್ಡ್ ಕೆಟ್ಟಿದೆ, ಆ ಕೇಡು ಕಣ್ಣಿಗೂ ಇಳಿದಿದೆ ಎಂದರು. ಕಣ್ಣಿನ ಹಿಂದಿನ ಸ್ನಾಯುಗಳು ಊದಿಕೊಂಡು ಗುಡ್ಡೆಗಳನ್ನು ಮುಂದಕ್ಕೆ ನೂಕಿದ್ದವು, ರೆಪ್ಪೆಗಳು ಮೇಲಕ್ಕೆ ಜಗ್ಗಿದ್ದವು. ನಲವತ್ತು ವರ್ಷದ ಹೆಣ್ಣುಮಗಳು ಸುಮ್ಮನೆ ಕೂತರೂ ಯಾರ ಮೇಲೋ ಹರಿಹಾಯುವಂತೆ ಕಾಣುತ್ತಿದ್ದಳು. 'ತಪ್ಪಾಯಿತು' ಎಂಬ ಮಾತು ಅಕ್ಕುತಾಯಿಯ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಅಂದು ಸೊಸೆಯ ರೊಟ್ಟಿಯ ಮೇಲೆ ಒಂದು ಚಮಚ ತುಪ್ಪ ಹೆಚ್ಚಿಗೆ ಬಿತ್ತು, ಅಷ್ಟೆ. ಸಾರಿಕಾಳಿಗೆ ಅದು ಅರ್ಥವಾಯಿತು.

ಮನೆ ಅಂಕಲಿಯಲ್ಲಿ. ಮಗ ಲಖನ ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ಪಾಳಿಯ ಕೆಲಸಗಾರ. ನೀಲಮ ಪಿಯುಸಿ ಎರಡನೇ ವರ್ಷ. ಇನ್ನು ಸಾರಿಕಾ, ಪಂಚಾಯ್ತಿಯ ಕಸದ ಗಾಡಿಯ ಡ್ರೈವರು. ಮಹಿಳಾ ಸಂಘದಿಂದ ಲೈಸೆನ್ಸು ಮಾಡಿಸಿಕೊಂಡು ಮೂರು ವರ್ಷಗಳಿಂದ ನಾಲ್ಕು ಗಾಲಿಯ ಆ ಹಸಿರು ಗಾಡಿ ಓಡಿಸುತ್ತಿದ್ದಳು. ಮೊದಮೊದಲು ಅಕ್ಕುತಾಯಿ, "ನಮ್ಮ ಮಂದಿ ಹೆಣಾ ಎತ್ತಿ, ಕಸಾ ಎತ್ತಿ ಸಾಕಾಗೇತಿ, ಮತ್ತ ಅದ ಕೆಲಸೇನ?" ಎಂದು ಸಿಡುಕಿದ್ದು ಖರೆ. ಆದರೆ ಗಾಡಿಯ ಕೀಲಿ ಸೊಸೆಯ ಕೈಯಲ್ಲಿರುವುದನ್ನೂ, ಗೌಡರ ಓಣಿಯ ಹೆಂಗಸರು ಬುಟ್ಟಿ ಹಿಡಿದು "ಸಾರಿಕಾಬಾಯಿ, ಒಂದೀಟ ನಿಲ್ರೀ" ಎಂದು ಹಿಂದೆ ಓಡಿ ಬರುವುದನ್ನೂ ಕಣ್ಣಾರೆ ಕಂಡ ಮೇಲೆ ಅವಳ ಎದೆ ಒಂದು ಗೇಣು ಉಬ್ಬಿತ್ತು. ಎದುರಿಗೆ ಹೇಳಲಿಲ್ಲ. ಹಿಂದಿನಿಂದ ಊರಿಗೆಲ್ಲ ಹೇಳಿದಳು.

ಅಕ್ಕುತಾಯಿಗೆ ತನ್ನದೂ ಒಂದು ಹೆಸರಿತ್ತು. ಅವಳು ನಿಪ್ಪಾಣಿಯ ಮಗಳು. ತವರಿನಿಂದ ತಂಬಾಕಿನ ಚೂರು ತರಿಸಿ, ಕಬ್ಬಿಣದ ಹಂಚಿನ ಮೇಲೆ ಹುರಿದು, ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು ಮಿಶ್ರಿ ಮಾಡುತ್ತಿದ್ದಳು. ಆ ಕರಿ ಪುಡಿಯನ್ನು ಬೆಳಿಗ್ಗೆ ಎದ್ದು ಹಲ್ಲಿಗೆ ತಿಕ್ಕದಿದ್ದರೆ ಆ ಕಡೆಯ ಎಷ್ಟೋ ಹೆಂಗಸರಿಗೆ ದಿನವೇ ಶುರುವಾಗುವುದಿಲ್ಲ. ಅಂಕಲಿಯಿಂದ ಮಾಂಜರಿಯವರೆಗೆ ಅಕ್ಕುತಾಯಿಯ ಮಿಶ್ರಿ ಎಂದರೆ ಮಾತೇ ಬೇರೆ. ವಾರಕ್ಕೊಮ್ಮೆ ಅಡುಗೆಮನೆ ತುಂಬ ಹೊಗೆ ಕಟ್ಟುತ್ತಿತ್ತು. ನಲವತ್ತು ವರ್ಷಗಳಿಂದ ಕಟ್ಟುತ್ತಿದ್ದ ಹೊಗೆ ಯಾರಿಗೂ ಹೊಗೆ ಎನಿಸುತ್ತಿರಲಿಲ್ಲ.

ಗುಳಿಗೆ ತಿಂದು ದಸರಾ ಹೊತ್ತಿಗೆ ಥೈರಾಯ್ಡ್ ಹಿಡಿತಕ್ಕೆ ಬಂತು. ಕಣ್ಣು ಬರಲಿಲ್ಲ. ಅದರ ಮೇಲೆ, ಎಲ್ಲವೂ ಎರಡೆರಡಾಗಿ ಕಾಣತೊಡಗಿತು. ನೆಟ್ಟಗೆ ನೋಡಿದರೆ ಪರವಾಗಿಲ್ಲ. ಮೇಲೆ ನೋಡಿದರೆ, ಪಕ್ಕಕ್ಕೆ ನೋಡಿದರೆ ಎರಡು ಕಂಬ, ಎರಡು ಎಮ್ಮೆ, ಎರಡು ಅತ್ತೆ. ಒಂದು ಬೆಳಿಗ್ಗೆ ತಿರುವಿನಲ್ಲಿ ಇಲ್ಲದ ಕಂಬ ತಪ್ಪಿಸಲು ಹೋಗಿ ಇದ್ದ ಕಂಬಕ್ಕೆ ಗಾಡಿಯ ಕನ್ನಡಿ ತಾಗಿಸಿದಳು. ಯಾರಿಗೂ ಏನೂ ಆಗಲಿಲ್ಲ. ಆದರೂ ಸಾರಿಕಾ ಗಾಡಿ ನಿಲ್ಲಿಸಿ, ಸೀದಾ ಪಂಚಾಯ್ತಿಗೆ ನಡೆದು, ಪಿಡಿಒ ಆಬಾಸಾಹೇಬರ ಮೇಜಿನ ಮೇಲೆ ಕೀಲಿ ಇಟ್ಟಳು.

"ಓಣ್ಯಾಗ ಹುಡುಗ್ರು ಆಡ್ತಾವ್ರಿ ಸಾಹೇಬ್ರ. ಕಣ್ಣ ನೆಟ್ಟಗಾಗೂತನಕ ನಾ ಓಡಸಂಗಿಲ್ಲ."

ಆಬಾಸಾಹೇಬರು ಒಳ್ಳೆಯವರೇ. "ಮಾರ್ಚ್ ಒಂದನೇ ತಾರೀಖಿನ ತನಕಾ ಬದಲಿ ಡ್ರೈವರ ಮಾಳಸಿದ್ದ ಓಡಸಲಿ," ಎಂದರು. "ಅಷ್ಟರೊಳಗ ಡಾಕ್ಟರ ಸರ್ಟಿಫಿಕೇಟ್ ತಂದ್ರ ಗಾಡಿ ನಿಮ್ದ. ತರಲಿಲ್ಲಂದ್ರ ಅಂವನ್ನ ಕಾಯಂ ಮಾಡಬೇಕಾಗತೈತಿ ತಂಗೀ, ನನ್ನ ಕೈಯಾಗಿಲ್ಲ."

ಮಿರಜದ ಆಸ್ಪತ್ರೆಯ ಡಾಕ್ಟರಮ್ಮ ಕಣ್ಣನ್ನು ಸ್ಕ್ಯಾನ್ ಮಾಡಿಸಿ ನೋಡಿ, ಕರೆಂಟ್ ಕೊಡಬೇಕು ಎಂದರು. ಕರೆಂಟ್ ಎಂದರೆ ರೇಡಿಯೇಶನ್. ಹತ್ತು ದಿನ, ಶನಿವಾರ ಭಾನುವಾರ ಬಿಟ್ಟು. ದಿನಕ್ಕೆ ಹತ್ತು ನಿಮಿಷ. ಜೊತೆಗೆ ವಾರಕ್ಕೊಂದು ಸ್ಟಿರಾಯ್ಡ್ ಸಲೈನು. ಅದಕ್ಕೆ ಉಪ್ಪು ಕಡಿಮೆ, ಸಿಹಿ ಬಂದ್.

"ಮನ್ಯಾಗ ಯಾರರ ಬೀಡಿ, ಸಿಗರೇಟ್ ಸೇದ್ತಾರೇನು?" ಎಂದು ಕೇಳಿದರು. "ಈ ರೋಗಕ್ಕ ತಂಬಾಕಿನ ಹೊಗಿ ದೊಡ್ಡ ವೈರಿ. ಹೊಗಿ ಇದ್ದಲ್ಲಿ ಕರೆಂಟ್ ಕೊಟ್ರೂ ಗುಣಾ ಸಾಲೂದಿಲ್ಲ."

ಸಾರಿಕಾ ಬಾಯಿ ತೆರೆಯುವ ಮೊದಲೇ, ಜೊತೆಗೆ ಬಂದಿದ್ದ ಅಕ್ಕುತಾಯಿ ಸೆರಗು ಸರಿಮಾಡಿಕೊಂಡಳು. "ನಮ್ಮನ್ಯಾಗ ಮೂರು ತಲಿಮಾರಿಂದ ಬೀಡಿ ಮುಟ್ಟಿದವ್ರಿಲ್ರೀ ಬಾಯಾರ. ಸತ್ತ ನನ್ನ ಗಂಡ ದುರಗಪ್ಪ ಅಡಕಿ ಸೈತ ತಿಂತಿರಲಿಲ್ಲ."

ಸುಳ್ಳಲ್ಲ. ಡಾಕ್ಟರಮ್ಮ ಹಾಗೆಯೇ ಬರೆದುಕೊಂಡರು.

ಮನೆಯಲ್ಲಿ ಲಖನ ತಾಟು ನೂಕಿದ. "ಕರೆಂಟ್ ಕೊಡೂದು ಕ್ಯಾನ್ಸರಿಗೆ. ನಮ್ಮ ಕಾಟಾದಾಗ ಎಲ್ಲಾರೂ ಅದನ್ನ ಹೇಳಾಕತ್ತಾರ. ಇಕಿಗೆ ಏನೋ ಐತಿ, ನಮಗ ಮುಚ್ಚಾಕತ್ತಾರ."

"ಕ್ಯಾನ್ಸರ್ ಅಲ್ಲಪ್ಪಾ," ಎಂದಳು ನೀಲಮ. "ಡಾಕ್ಟರ ಬರದ ಕೊಟ್ಟಾರಲ್ಲ. ಮಶೀನ ಅದ ಖರೆ, ಡೋಸ ಭಾಳ ಕಡಿಮಿ. ಸ್ನಾಯುದ ಬಾವ ಇಳಸಾಕ."

"ನೀ ಯಾವಾಗ ಡಾಕ್ಟರ ಆದಿ? ಇದ್ದ ಕಣ್ಣೂ ಹೋದ್ರ?"

ಸಾರಿಕಾ ಝುಣಕದ ಬೋಗುಣಿ ಕೆಳಗಿಟ್ಟಳು. "ಹೋದ್ರ ನನ್ನ ಕಣ್ಣ ಹೋಗ್ತಾವ. ಅದನ್ನೂ ಕೇಳೀನಿ. ಮುಂದ ಪೊರಿ ಬರಬಹುದು ಅಂದ್ರು, ಪೂರಾ ಗುಣಾ ಆಗ್ತೈತಿ ಅಂತ ಗ್ಯಾರಂಟಿ ಇಲ್ಲ ಅಂದ್ರು. ಎಲ್ಲಾ ಕೇಳಿನ ಹೂಂ ಅಂದೀನಿ."

"ಗಾಡಿ ಸಲುವಾಗಿ?"

"ಹೌದು, ಗಾಡಿ ಸಲುವಾಗಿ. ನಿಮ್ಮ ಕಾಟಾ ನಿಮಗ ಹೆಂಗೋ, ನನಗ ಅದು ಹಂಗ."

ಅಕ್ಕುತಾಯಿ ಮಗನ ತಾಟನ್ನು ಮತ್ತೆ ಅವನ ಮುಂದೆ ಎಳೆದಳು. "ಉಣ್ಣು. ಕಬ್ಬಿನ ಸೀಸನ್ ಟೈಮ, ನಿನಗ ಸೂಟಿ ಸಿಗಂಗಿಲ್ಲ. ನಾ ಹೋಗ್ತೀನಿ ಅಕಿ ಕೂಡ."

ನವೆಂಬರಿನ ಎರಡು ವಾರ. ದಿನವೂ ಬೆಳಿಗ್ಗೆ ಆರಕ್ಕೆ ಎದ್ದು ರೊಟ್ಟಿ, ಉಪ್ಪು ಕಡಿಮೆಯ ಪುಂಡಿಪಲ್ಯ ಕಟ್ಟಿಕೊಂಡು ಅತ್ತೆ ಸೊಸೆ ಬಸ್ಸು ಹಿಡಿಯುತ್ತಿದ್ದರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಸಾರಿಕಾ ಒಂದು ಕಣ್ಣು ಮುಚ್ಚಿಕೊಂಡು ಬಸ್ಸಿನ ಡ್ರೈವರ ಗೇರು ಹಾಕುವುದನ್ನೇ ನೋಡುತ್ತಾ ಕೂಡುತ್ತಿದ್ದಳು.

ಆಸ್ಪತ್ರೆಯಲ್ಲಿ ಬಿಸಿನೀರಿನಲ್ಲಿ ಮೆತ್ತಗಾಗಿಸಿದ ಪ್ಲಾಸ್ಟಿಕ್ ಜಾಳಿಗೆಯನ್ನು ಅವಳ ಮುಖಕ್ಕೆ ಒತ್ತಿ, ಮುಖದ್ದೇ ಅಚ್ಚು ತೆಗೆದಿದ್ದರು. ದಿನವೂ ಅದನ್ನು ತೊಡಿಸಿ ಮೇಜಿಗೆ ಬಿಗಿಯುತ್ತಿದ್ದರು, ತಲೆ ಕೂದಲೆಳೆಯಷ್ಟೂ ಅಲುಗಬಾರದೆಂದು. ಮೊದಲ ದಿನ ಬಾಗಿಲ ಸಂದಿಯಿಂದ ಅದನ್ನು ಕಂಡ ಅಕ್ಕುತಾಯಿ ಬಾಗಿಲಿಗೆ ಬೆನ್ನು ಹಾಕಿ ಕೂತಳು. ಸಾರಿಕಾ ಮಾತ್ರ ಹತ್ತು ನಿಮಿಷಕ್ಕೆ ಹೊರಗೆ ಬಂದು, ಗಲ್ಲದ ಮೇಲೆ ಜಾಳಿಗೆಯ ಗುರುತು ಹೊತ್ತುಕೊಂಡೇ, "ನಡೀರಿ ಅತ್ತಿ, ಹಸಿವಾಗೇತಿ" ಎಂದಳು.

"ನೋವಾತೇನ?"

"ಏನೂ ಇಲ್ರಿ. ನೀಲಿ ಬೆಳಕ ಬಂದಂಗಾತು, ಅಷ್ಟ."

ಮೂರನೇ ದಿನಕ್ಕೆ ಅಕ್ಕುತಾಯಿ ಅಲ್ಲಿನ ಬಾಕಿನ ಮೇಲೆ ಕೂತವರಿಗೆಲ್ಲ ಪರಿಚಯ ಹೇಳತೊಡಗಿದ್ದಳು. "ಒಳಗ ಹೋದಾಕಿ ನನ್ನ ಸೊಸಿರಿ. ಡ್ರೈವರ ಅದಾಳ. ಚಾರ್ ಚಾಕಿ ಗಾಡಿ, ನಾಕ ಗಾಲಿದು." ಯಾವ ಗಾಡಿ ಎಂದು ಒಬ್ಬರು ಕೇಳಿದಾಗ, "ಸರ್ಕಾರಿ ಗಾಡಿ" ಎಂದಳು. ಅದೂ ಸುಳ್ಳಲ್ಲ.

ನಡುವೆ ಭಾನುವಾರ ಬಂತು. ಒಂದು ವಾರ ಹಗಲು ಮನೆಯಲ್ಲಿಲ್ಲದ್ದಕ್ಕೆ ಮಿಶ್ರಿಗಾಗಿ ಬಂದವರು ಹೊರಳಿ ಹೋಗಿದ್ದರು. ಪಕ್ಕದ ಮನೆಯ ಸುಂದ್ರವ್ವ ಡಬ್ಬಿ ಬಡಿದು ತೋರಿಸಿ, "ತಳಾ ಕಂಡೇತಿ ಅಕ್ಕೂ, ನನ್ನ ತಲಿ ಸಿಡಿಯಾಕತ್ತೈತಿ" ಎಂದಿದ್ದಳು. ಅಕ್ಕುತಾಯಿ ಎರಡು ವಾರದ್ದನ್ನು ಒಮ್ಮೆಗೇ ಹುರಿದಳು. ಹೊಗೆ ಪಡಸಾಲೆಗೆ ಬಂತು, ಅಲ್ಲೇ ಮಲಗಿದ್ದ ಸಾರಿಕಾಳ ಹೊದಿಕೆಗೆ ಹತ್ತಿತು, ಕೂದಲಿಗೆ ಹತ್ತಿತು. ಸಾರಿಕಾ ಕೆಮ್ಮಿ ಮಗ್ಗಲು ಬದಲಿಸಿದಳು.

ಸೋಮವಾರ ಡಾಕ್ಟರಮ್ಮ ಕಣ್ಣು ಪರೀಕ್ಷಿಸಲು ಬಗ್ಗಿದವರು ತಟ್ಟನೆ ನಿಂತರು. ಇನ್ನೊಮ್ಮೆ ಬಗ್ಗಿ ಮೂಸಿದರು.

"ಸಾರಿಕಾಬಾಯಿ, ಬೀಡಿ ಸೇದ್ತೀರೇನು?"

ಸಾರಿಕಾ ನೆಲ ನೋಡಿದಳು.

"ನಾಚಿಕಿ ಬ್ಯಾಡ. ಖರೇ ಹೇಳ್ರಿ. ನಿಮ್ಮ ಕೂದಲಾ, ಸೀರಿ ಎಲ್ಲಾ ತಂಬಾಕಿನ ಹೊಗಿ ವಾಸನಿ. ನಾನು ಇಲ್ಲಿ ಕರೆಂಟ್ ಕೊಡೂದು, ನೀವು ಅಲ್ಲಿ ಸೇದೂದು, ಹಿಂಗಾದ್ರ ಕಣ್ಣು ಹೆಂಗ ಸುಧಾರಿಸಬೇಕು?"

ಪರದೆಯ ಆಚೆ ಕೂತಿದ್ದ ಅಕ್ಕುತಾಯಿ ಬೆಂಕಿಯಾಗಿ ಒಳಗೆ ನುಗ್ಗಿದಳು.

"ಯಾರಿಗೆ ಅಂತೀರಿ? ನನ್ನ ಸೊಸಿ ಬೀಡಿ ಸೇದ್ತಾಳ? ನಾಲಿಗಿ ಮ್ಯಾಲ ನಿಗಾ ಇರ್ಲಿ ಬಾಯಾರ! ಆ ವಾಸನಿ ಬೀಡಿದಲ್ಲ. ನಾ ಮಿಶ್ರಿ ಹುರಿದೀನಿ ನಿನ್ನಿ. ನನ್ನ ಮಿಶ್ರಿದು!"

"ಮಿಶ್ರಿ? ಮನ್ಯಾಗ ಹುರೀತೀರಿ?"

"ವಾರವಾರ. ನಲವತ್ತ ವರ್ಷಾತು."

ಡಾಕ್ಟರಮ್ಮ ಕುರ್ಚಿಯಲ್ಲಿ ಕೂತು ಕೈ ಕಟ್ಟಿದರು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಅಕ್ಕುತಾಯಿಗೆ ಸುಲಭವಾಗುತ್ತಿತ್ತು. "ಆಜಿ, ಮಿಶ್ರಿ ಅಂದ್ರೂ ತಂಬಾಕ, ಬೀಡಿ ಅಂದ್ರೂ ತಂಬಾಕ. ಹೊಗಿಗೆ ಹೆಸರು ಗೊತ್ತಿಲ್ಲ. ಮಿಶ್ರಿ ಹೊಗಿ ಎಷ್ಟು ಕೆಡಸ್ತೈತಿ ಅಂತ ಅಳದವ್ರು ಯಾರೂ ಇಲ್ಲ, ನಾ ಸುಳ್ಳ ಹೇಳೂದಿಲ್ಲ. ಆದ್ರ ಇಕಿ ನನ್ನ ತಂಗಿ ಆಗಿದ್ರ ಆ ಮನ್ಯಾಗ ಇಡ್ತಿರಲಿಲ್ಲ."

ಬಸ್ಸು ಅರ್ಧ ದಾರಿ ದಾಟಿತ್ತು. ಅಕ್ಕುತಾಯಿ ಸೊಸೆಯತ್ತ ತಿರುಗಿ ಕೇಳಿದಳು. "ನಿನಗ ಗೊತ್ತಿತ್ತೇನ, ಇದೂ ಅದ ಹೊಗಿ ಅಂತ?"

"ಅನಮಾನ ಇತ್ತ್ರಿ."

"ಮತ್ತ ಬಾಯಾಗ ಏನ ಇಟ್ಕೊಂಡಿದ್ದಿ?"

"ಮೊದಲ ದಿನ ನೀವು ಮೂರು ತಲಿಮಾರು ಅಂತ ಎದಿ ಸೆಟಿಸಿ ಹೇಳಿದ್ರಿ. ಮಂದಿ ಮುಂದ ನಿಮ್ಮ ಮಾತ ಹೆಂಗ ಕಡೀಲಿ? ಅದೂ ಅಲ್ದ..." ಸಾರಿಕಾ ಕಿಟಕಿಯತ್ತ ತಿರುಗಿದಳು. "ನನಗ ಗಾಡಿ ಹೆಂಗೋ, ನಿಮಗ ಆ ಹಂಚ ಹಂಗ. ನನ್ನ ಕೈಯಾಗಿಂದ ಕೀಲಿ ಹೋದಾಗ ಹೆಂಗಾತು ಅಂತ ನನಗ ಗೊತ್ತೈತಿ."

ಅತ್ತೆಯ ಮಾನ ಉಳಿಸಲು ಸೊಸೆ ತನ್ನ ಕಣ್ಣನ್ನೇ ಒತ್ತೆ ಇಟ್ಟಿದ್ದಳಲ್ಲ ಎಂದು ಅಕ್ಕುತಾಯಿಗೆ ನಾಚಿಕೆಯಾಯಿತು. ಇಂಥ ಹೆಣ್ಣು ನನ್ನ ಮನೆಗೆ ಬಂದಿದ್ದಾಳಲ್ಲ ಎಂದು ಅದರ ಎರಡರಷ್ಟು ಹೆಮ್ಮೆಯೂ ಆಯಿತು. ಎರಡನ್ನೂ ಹೇಳಲು ಬಾರದೆ, "ಕಿಡಕಿ ಮುಚ್ಚು, ಧೂಳ ಬರಾಕತ್ತೈತಿ" ಎಂದಳು.

ಮನೆಗೆ ಬಂದವಳೇ ಹುರಿದಿಟ್ಟ ಮಿಶ್ರಿಯನ್ನು, ಉಳಿದ ತಂಬಾಕನ್ನು ಹಿತ್ತಿಲಲ್ಲಿ ಗುಂಡಿ ತೋಡಿ ಹೂತಳು. ಗೋಡೆ ತೊಳೆಸಿದಳು, ಹೊದಿಕೆಗಳನ್ನು ಕುದಿಸಿ ಒಗೆಸಿದಳು, ನೀಲಮಳಿಗೆ ಅಂದು ಕಾಲೇಜು ಬಿಟ್ಟು ಬಂದದ್ದೇ ತಪ್ಪಾಯಿತು.

"ಆಯಿ, ಹುರಿಯೂದು ಬಿಟ್ರ ಸಾಕು. ನಿನಗ ತಿಕ್ಕಾಕ ಅಂಗಡ್ಯಾಗಿಂದು ತಂದು ಕೊಡ್ಲೇನ?"

"ಅಂಗಡಿದು? ಅಕ್ಕುತಾಯಿ ಬ್ಯಾರೆ ಮಂದಿ ಹುರಿದ ಮಿಶ್ರಿ ಹಲ್ಲಿಗೆ ಹಚ್ಚಬೇಕ? ಅದಕ್ಕಿಂತ ಹಲ್ಲ ಕಿತ್ತಿಸಿಕೊಂತೀನಿ."

ಹೀಗೆ, ಯಾರೂ ಬಿಡು ಎನ್ನದ ಚಟವನ್ನು ಅವಳು ಬರೀ ಗರ್ವಕ್ಕೆ ಬಿಟ್ಟಳು. ಅದರ ಫಲ ಮನೆಮಂದಿ ಉಂಡರು. ಬೆಳಗಾದರೆ ತಲೆಶೂಲೆ, ಹೊಟ್ಟೆ ಕಟ್ಟು, ಕೈಗೆ ಸಿಕ್ಕ ಪಾತ್ರೆಯೆಲ್ಲ ಸಪ್ಪಳ. ಅದೇ ವಾರ, "ಒಂದ ಮನಿ, ಒಂದ ಗಡಿಗಿ" ಎಂದು ಎಲ್ಲರ ಅಡುಗೆಗೂ ಉಪ್ಪು ಕಡಿಮೆ ಮಾಡಿದಳು.

"ಅವ್ವಾ, ಇದು ಸಾರಾ, ದನದ ಬಾನಿ ನೀರಾ?" ಎಂದ ಲಖನ.

"ನಿನ್ನ ಹೇಂತಿ ಉಂಡಿದ್ದ ನೀನೂ ಉಣ್ಣು. ಕ್ಯಾನ್ಸರಂತ, ಕಾಟಾದ ಡಾಕ್ಟರ!"

ಲಖನ ಉಂಡ. ಮರುದಿನ ಹೆಂಡತಿಯನ್ನು ಕೊನೆಯ ಕರೆಂಟಿಗೆ ತಾನೇ ಬೈಕಿನ ಮೇಲೆ ಕರೆದೊಯ್ದು, ತೆಗೆದುಕೊಂಡ ರಜೆಗೆ ಮೇಸ್ತ್ರಿಯ ಬೈಗುಳ ತಿಂದ.

ಗಿರಾಕಿಗಳಿಗೆ ಅಕ್ಕುತಾಯಿ ಹಂಚಿಗೆ ತೂತು ಬಿದ್ದಿದೆ ಎಂದು ಹೇಳಿ ನೋಡಿದಳು. ಸುಂದ್ರವ್ವ ತನ್ನ ಮನೆಯ ಹಂಚನ್ನೇ ಹೊತ್ತು ತಂದಳು.

"ತಗೋ, ಇದರಾಗ ಹುರಿ. ನೀಲಮ ಎಲ್ಲಾ ಹೇಳ್ಯಾಳ. ನಿನ್ನ ಸೊಸಿ ಕಣ್ಣಿಗೂ ಮಿಶ್ರಿಗೂ ಏನ ಸಂಬಂಧ? ಡಾಕ್ಟರಗೋಳು ನೂರ ಹೇಳ್ತಾವ."

"ಸಂಬಂಧ ಐತಿ," ಎಂದಳು ಅಕ್ಕುತಾಯಿ. ಸುಳ್ಳು ಹೇಳಿ ಅವಳಿಗೂ ಸಾಕಾಗಿತ್ತು. "ಹಂಚಿಗೆ ತೂತ ಬಿದ್ದಿಲ್ಲ ಸುಂದ್ರಿ. ನಾ ಬಿಟ್ಟೀನಿ. ನನ್ನಂಥಾ ಮಿಶ್ರಿ ಹುರಿಯಾವ್ರು ನಿಪ್ಪಾಣ್ಯಾಗ ಇನ್ನೂ ನಾಕ ಮಂದಿ ಸಿಗ್ತಾರ. ಗಾಡಿ ಹೊಡಿಯೂ ಹೆಣಮಗಳು ಈ ಊರಾಗ ಒಬ್ಬಾಕಿನ ಅದಾಳ."

ಸುಂದ್ರವ್ವ ಹಂಚು ಹೊತ್ತು ವಾಪಸು ಹೋದಳು. ಎಂಟು ದಿನ ಮಾತು ಬಿಟ್ಟಳು.

ಕರೆಂಟ್ ಮುಗಿದ ಕೂಡಲೇ ಕಣ್ಣು ಸರಿಹೋಗಲಿಲ್ಲ. ಮೊದಲು ಇನ್ನಷ್ಟು ಕೆಂಪಾದವು. ಡಿಸೆಂಬರ್ ತುಂಬ ಸಾರಿಕಾ ಬೆಳಿಗ್ಗೆ ಅಂಗಳಕ್ಕೆ ಬಂದು ಪಕ್ಕದ ಲೈಟಿನ ಕಂಬದತ್ತ ಓರೆಯಾಗಿ ನೋಡುವಳು. ಒಳಗೆ ಬಂದು ಏನೂ ಹೇಳದೆ ಹಿಟ್ಟು ನಾದುವಳು. ಓಣಿಯಲ್ಲಿ ಮಾಳಸಿದ್ದ ಗಾಡಿ ಒಯ್ಯುವ ಸಪ್ಪಳ ಬಂದರೆ ಅಕ್ಕುತಾಯಿ ಎದ್ದು ಬಾಗಿಲು ಹಾಕುತ್ತಿದ್ದಳು.

ಸಂಕ್ರಾಂತಿಯ ಮರುದಿನ ಸಾರಿಕಾ ಹಿಟ್ಟಿನ ಕೈಯಲ್ಲೇ ನಿಂತು, "ಅತ್ತಿ, ಎರಡೂ ಕಂಬ ಹತ್ತಿರ ಬಂದಾವ" ಎಂದಳು.

"ಎಷ್ಟ ಹತ್ತಿರ?"

"ಮೊದಲ ನಡುವ ಗಾಡಿ ಹೋಗತಿತ್ತು. ಈಗ ಸೈಕಲ್ಲೂ ಹೋಗಂಗಿಲ್ಲ."

ಫೆಬ್ರವರಿ ಕೊನೆಯ ವಾರ ಮಿರಜದಲ್ಲಿ ಎಲ್ಲ ಪರೀಕ್ಷೆ ಮಾಡಿದರು. ತೀರ ಮೇಲೆ ನೋಡಿದರೆ ಮಾತ್ರ ಇನ್ನೂ ಸ್ವಲ್ಪ ಎರಡು. ನೆಟ್ಟಗೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲ ಒಂದೇ. ಗುಡ್ಡೆಗಳು ಮುಂದೆ ಬಂದದ್ದು ಹಾಗೆಯೇ ಉಳಿದಿತ್ತು. ಗಾಡಿ ಓಡಿಸಬಹುದು ಎಂದು ಡಾಕ್ಟರಮ್ಮ ಸಹಿ ಹಾಕಿ ಕಾಗದ ಕೊಟ್ಟರು. ಇಪ್ಪತ್ತೇಳನೇ ತಾರೀಖಿಗೆ ಅದು ಆಬಾಸಾಹೇಬರ ಮೇಜಿನ ಮೇಲಿತ್ತು. ಅವರು ಕಾಗದ ಓದಿ, ಗಾಡಿಯನ್ನು ಅಂಗಳದಲ್ಲಿ ಒಮ್ಮೆ ಹಿಂದೆ ಮುಂದೆ ಓಡಿಸಲು ಹೇಳಿ ನೋಡಿ, ಕೀಲಿ ಕೊಟ್ಟರು. ಮಾಳಸಿದ್ದನೇ ಟೈರಿನ ಮುಂದೆ ನಿಂಬೆಹಣ್ಣು ಇಟ್ಟ.

ಎಲ್ಲರೂ ನಂಬಿದರು. ಅಕ್ಕುತಾಯಿ ನಂಬಲಿಲ್ಲ. ಕಾಗದದ್ದೇನು, ಕಾಗದ ಯಾರು ಬೇಕಾದರೂ ಬರೆಯುತ್ತಾರೆ. ಅತ್ತೆಯ ಮಾನ ಕಾಯಲು ಕಣ್ಣನ್ನೇ ಒತ್ತೆ ಇಟ್ಟವಳು, ಕೀಲಿಯ ಆಸೆಗೆ ಡಾಕ್ಟರ ಮುಂದೆ ಎರಡನ್ನು ಒಂದು ಎಂದಿರಲಿಕ್ಕಿಲ್ಲವೇ? ಓಣಿಯಲ್ಲಿ ಹುಡುಗರು ಆಡುತ್ತಾರೆ. ಮಾರ್ಚ್ ಒಂದರ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಟ ಮೇಲೆ ಅವಳು ಹಸಿ ಕಸದ ಬುಟ್ಟಿ ಎತ್ತಿಕೊಂಡಳು. ಉಳ್ಳಾಗಡ್ಡಿ ಸಿಪ್ಪೆ, ಚಹಾದ ಚರಟದ ನಡುವೆ ಒಂದು ಖಾಲಿ ಶಾಂಪೂ ಪಾಕೀಟನ್ನು, ಅರ್ಧ ಮಾತ್ರ ಕಾಣುವಂತೆ, ಬೇಕೆಂದೇ ಸಿಗಿಸಿದಳು.

ಗಾಡಿ ಹಾಡು ಹಾಕಿಕೊಂಡು ಓಣಿಗೆ ಬಂತು. ಬಾಗಿಲು ಬಾಗಿಲಿಗೂ ಹೆಂಗಸರು ನಿಂತಿದ್ದರು, ಒಮ್ಮೆ ಮಾತು ಬಿಟ್ಟಿದ್ದ ಸುಂದ್ರವ್ವ ಕೂಡ. ಕಸ ತೆಗೆದುಕೊಳ್ಳುವ ಸಾವಕ್ಕ ಹಿಂದಿನಿಂದ ಇಳಿದು ಅಕ್ಕುತಾಯಿಯ ಬುಟ್ಟಿಗೆ ಕೈ ಚಾಚಿದಳು. ಅಕ್ಕುತಾಯಿ ಕೊಡಲಿಲ್ಲ. ಸೀಟಿನಲ್ಲಿ ಕೂತ ಸೊಸೆಯ ಬಲಬದಿಗೆ, ಮೂರು ಮಾರು ದೂರದಲ್ಲಿ, ಬುಟ್ಟಿಯನ್ನು ಸೊಂಟಕ್ಕೆ ಓರೆಯಾಗಿ ಹಿಡಿದು ನಿಂತಳು. ಸಾರಿಕಾ ತಲೆ ತಿರುಗಿಸದೆ ಕಣ್ಣಷ್ಟನ್ನೇ ಬಲಕ್ಕೆ ಹೊರಳಿಸಿ ನೋಡಿದಳು.

"ಅತ್ತಿ, ಹಸಿ ಕಸದಾಗ ಪ್ಲಾಸ್ಟಿಕ್ ಹಾಕೀರಿ. ಊರಿಗೆಲ್ಲಾ ನಾ ಹೇಳೂದು, ನಮ್ಮನ್ಯಾಗ ಹಿಂಗ ಮಾಡೂದು. ತಗೀರಿ ಅದನ್ನ."

ಓಣಿ ಕಿಸಕ್ಕನೆ ನಕ್ಕಿತು. ಅಕ್ಕುತಾಯಿಗೆ ಹತ್ತು ಮಂದಿ ಎದುರು ಹೀಗೆ ಮಾತಾಡಿ ಉಳಿದವರಿಲ್ಲ. ಅವಳು ಅಲ್ಲಾಡಲಿಲ್ಲ.

"ಪ್ಲಾಸ್ಟಿಕ್ ಎಲ್ಲೈತಿ?"

"ಉಳ್ಳಾಗಡ್ಡಿ ಸಿಪ್ಪಿ ಬುಡಕ. ಶಾಂಪೂ ಪಾಕೀಟು."

"ಎಷ್ಟ ಅದಾವ?"

"ಎಷ್ಟಂದ್ರ? ಒಂದ ಐತಿ."

ಅಕ್ಕುತಾಯಿ ಸುಂದ್ರವ್ವನ ಕಡೆ ತಿರುಗಿದಳು, ಇಡೀ ಓಣಿಯ ಕಡೆ ತಿರುಗಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಗಾಡಿಯ ಹಾಡನ್ನೂ ಮೀರಿ ಎದ್ದಿತು.

"ಕೇಳಿದ್ರೇನ? ಒಂದ ಅಂದ್ಲು!"